ಹೊಳೆದಂಡೆಯಲ್ಲಿ ನಡೆಯುವ ದಾರಿ ಮಾಡಬೇಕಾ? ಮೊದಲು ಒಂದು ಮಳೆಗಾಲ ನೋಡಿ

ತುಂಗೆ ಎಷ್ಟು ಏರಿದೆ ಅಂತ ತಿಳಿಯಲು ಶಿವಮೊಗ್ಗದ ಜನ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ನೋಡುತ್ತಾರೆ. ಮಂಟಪ ಮುಳುಗಿತು ಅಂದರೆ ಊರಿಗೆಲ್ಲ ಸುದ್ದಿ. ನಿಮ್ಮೂರಿನ ಹೊಳೆಗೂ ಇಂಥ ಗುರುತು ಇರುತ್ತದೆ, ಬಂಡೆಯೋ, ಮೆಟ್ಟಿಲೋ, ಹಳೇ ಅತ್ತಿಮರವೋ. ಕೆಲಸ ಶುರುವಾಗುವುದು ಅಲ್ಲಿಂದಲೇ.

ಜುಲೈ, ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ದೂರದಿಂದ ನೋಡಿ ಫೋಟೊ ತೆಗೆದಿಡಿ. 2019ರಂಥ ನೆರೆಯಲ್ಲಿ ಎಲ್ಲಿತ್ತು ಅಂತ ದಂಡೆಯ ಮನೆಯವರನ್ನು, ಬಟ್ಟೆ ಒಗೆಯುವವರನ್ನು, ಮೀನು ಹಿಡಿಯುವವರನ್ನು ಕೇಳಿ. ಬೆಂಚು, ದೀಪದ ಕಂಬ ಎಲ್ಲ ಆ ಗೆರೆಗಿಂತ ಮೇಲಿರಲಿ. ದಾರಿ ಎರಡು ದಿನ ಮುಳುಗಿದರೆ ಪರವಾಗಿಲ್ಲ, ಕೊಚ್ಚಿಹೋಗಬಾರದು ಅಷ್ಟೇ.

ಆಮೇಲೆ ಜಾಗ ಯಾರದ್ದು ನೋಡಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಂಡೆ ಮೇಲೆ ನಿಂತರೆ ಸರ್ವೆ ನಂಬರ್ ಕಾಣುತ್ತದೆ. ಪಹಣಿ ತೆಗೆಸಿ, ಬಿ ಖರಾಬು, ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟಿದೆ ನೋಡಿ, ನಕ್ಷೆ ಸಮೇತ ಪಟ್ಟಣ ಪಂಚಾಯಿತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ. ಮಧ್ಯೆ ಯಾರದಾದರೂ ತೋಟ ಬಂದರೆ ಜಗಳ ಬೇಡ, ಮನೆಗೆ ಹೋಗಿ ಕೂತು ಮಾತಾಡಿ.

ದಾರಿಗೆ ಆರು ಅಡಿ ಅಗಲ ಇದ್ದರೆ ಎದುರುಬದುರು ಬಂದವರು ಆರಾಮಾಗಿ ದಾಟುತ್ತಾರೆ. ಗ್ರಾವೆಲ್ ಮಣ್ಣು ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಿ, ಹೊಳೆ ಕಡೆಗೆ ಸ್ವಲ್ಪ ವಾಟ ಕೊಡಿಸಿ. ದಯವಿಟ್ಟು ದಂಡೆಯುದ್ದಕ್ಕೂ ಕಾಂಕ್ರೀಟ್ ಗೋಡೆ ಮಾತ್ರ ಕಟ್ಟಿಸಬೇಡಿ! ಗೋಡೆ ಎದ್ದರೆ ಒಗೆಯುವ ಕಲ್ಲಿಗೆ, ದನ ನೀರಿಗಿಳಿಯುವ ಕಡವಿಗೆ ದಾರಿ ಮುಚ್ಚಿಹೋಗುತ್ತದೆ, ಹುಲ್ಲು, ಪೊದೆ, ಅದರಲ್ಲಿ ಗೂಡು ಕಟ್ಟುವ ಹಕ್ಕಿ ಯಾವುದೂ ಉಳಿಯುವುದಿಲ್ಲ. ಮಣ್ಣು ಹಿಡಿದಿಡಲು ಹೊಳೆಮತ್ತಿ, ಹೊಂಗೆ, ನೇರಳೆ ಇವೆಯಲ್ವಾ? ಮಳೆ ಶುರುವಿನಲ್ಲಿ ನೆಡಿ, ಕುರಿ ಮೇಕೆಗೆ ಸಿಗದ ಹಾಗೆ ಮುಳ್ಳುಬೇಲಿ ಕಟ್ಟಿ.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಸಿಗುತ್ತಾರೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟಾದರೂ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಲಾರಿ ಓಡಾಡುವ ರಸ್ತೆಯಲ್ಲಿ ವಯಸ್ಸಾದವರು ಹೇಗೆ ನಡೆಯುತ್ತಾರೆ? ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ನಮ್ಮ ಎಷ್ಟೋ ಊರುಗಳು ಹೊಳೆಗೆ ಬೆನ್ನು ಹಾಕಿ ಕೂತಿವೆ, ಹಿತ್ತಿಲ ಕಸ, ಕೋಳಿ ಅಂಗಡಿ ಚೀಲ, ಚರಂಡಿ ಎಲ್ಲ ಅಲ್ಲಿಗೇ. ದಿನಾ ಬೆಳಿಗ್ಗೆ ಐವತ್ತು ಜನ ಓಡಾಡುವ ಕಡೆ ಕಸ ಸುರಿಯಲು ಕೈ ಹಿಂಜರಿಯುತ್ತದೆ, ಚರಂಡಿ ಹೊಳೆಗೆ ಬಿದ್ದ ದಿನವೇ ಯಾರೋ ಒಬ್ಬರು ಫೋನ್ ಮಾಡುತ್ತಾರೆ. ಜನ ಕಾಯ್ದರೆ ಹೊಳೆ ಉಳಿಯುತ್ತದೆ: ತೀರ್ಥಹಳ್ಳಿ ಹತ್ತಿರ ತುಂಗೆಯ ದಂಡೆಯಲ್ಲಿರುವ ಚಿಬ್ಬಲಗುಡ್ಡೆಯಲ್ಲಿ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ, ಹಾಗಾಗಿ ಅವು ಮೆಟ್ಟಿಲ ಹತ್ತಿರವೇ ಬಂದು ನಿಲ್ಲುತ್ತವೆ.

ಉದ್ಘಾಟನೆಗಿಂತ ಮುಖ್ಯವಾದದ್ದು ನೆರೆ ಇಳಿದ ಮೇಲಿನ ಕೆಲಸ. ಹೂಳು ಎತ್ತಬೇಕು, ಸಿಕ್ಕಿಕೊಂಡ ಪ್ಲಾಸ್ಟಿಕ್ ಬಿಡಿಸಬೇಕು, ಕೊರೆದ ಜಾಗಕ್ಕೆ ಮಣ್ಣು ತುಂಬಬೇಕು. ಯಾವ ಬೀದಿಯವರು ಎಷ್ಟು ದೂರ ನೋಡಿಕೊಳ್ಳುತ್ತಾರೆ ಅಂತ ಮಳೆಗಾಲಕ್ಕೆ ಮುಂಚೆಯೇ ಹಂಚಿ ಬರೆದಿಡಿ, ಗುದ್ದಲಿ ಪುಟ್ಟಿ ಯಾರ ಮನೆಯಲ್ಲಿವೆ ಅನ್ನುವುದನ್ನೂ ಸೇರಿಸಿ.