ಬಾತಿನ ಪೀಪಿಗೆ ಉರಿಯ ಹೊಳಪು

ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಿದ ಡಕ್ ಕಾಲ್‌ನ ಹೊರಮೈಗೆ ನಾನು ಗ್ಯಾಸ್ ಟಾರ್ಚ್ ಹಿಡಿಯುವುದಿಲ್ಲ. ಹೊರಗಿನ ಕೆಲಸವನ್ನು ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಮತ್ತು ಬಫಿಂಗ್ ಚಕ್ರ ಚೆನ್ನಾಗಿ ಮಾಡುತ್ತವೆ. ಉರಿಯಿಂದ ಮೇಲ್ಮೈ ಕರಗಿಸಿ ಹೊಳಪು ಬರಿಸಬೇಕಾಗುವುದು ಒಳಗಿನ ತೂತಿಗೆ. ಅಲ್ಲಿಗೆ ಬೆರಳು ತೂರಲ್ಲ, ಚಕ್ರ ಹೋಗಲ್ಲ, ಬಟ್ಟೆ ತುರುಕಿದರೂ ಒತ್ತಿ ಉಜ್ಜಲು ಆಗಲ್ಲ. ಹಾಗಾಗಿ ಇಲ್ಲಿ ಬರೆದಿದ್ದರಲ್ಲಿ ಮುಕ್ಕಾಲು ಪಾಲು ಆ ತೂತಿನ ಬಗ್ಗೆಯೇ.

ಮೊದಲು ಡಕ್ ಕಾಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಬಾತುಕೋಳಿಯ ಹಾಗೆ ಕೂಗುವ ಪೀಪಿ ಅದು. ನಾನಿರುವುದು ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ. ವಾಲ್‌ಮಾರ್ಟ್‌ನ ಮುಖ್ಯ ಕಚೇರಿ ಇಲ್ಲೇ ಇರುವುದರಿಂದ ಐಟಿ ಕೆಲಸಕ್ಕೆ ಬಂದ ನಮ್ಮವರೂ ಇಲ್ಲಿದ್ದಾರೆ. ಈ ರಾಜ್ಯದ ಪೂರ್ವ ಭಾಗ ಪೂರ್ತಿ ಗದ್ದೆ ಬಯಲು. ಅಮೆರಿಕದಲ್ಲಿ ಬೆಳೆಯುವ ಅಕ್ಕಿಯಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲಿಯದೇ. ಚಳಿಗಾಲ ಬಂತೆಂದರೆ ಉತ್ತರದಿಂದ ಮಲ್ಲಾರ್ಡ್ ಬಾತುಗಳು ಹಿಂಡು ಹಿಂಡಾಗಿ ಬಂದು ಕೊಯ್ಲಾದ ಗದ್ದೆಯ ನೀರಿಗೆ ಇಳಿಯುತ್ತವೆ. ಅವುಗಳ ಹಿಂದೆಯೇ ಬೇಟೆಗಾರರು. ಸಾಕಿದ ಬಾತುಗಳನ್ನು ಕಟ್ಟಿಹಾಕಿ ಕಾಡು ಬಾತುಗಳನ್ನು ಸೆಳೆಯುವುದನ್ನು ಇಲ್ಲಿನ ಕೇಂದ್ರ ಸರ್ಕಾರ 1935ರಲ್ಲೇ ನಿಲ್ಲಿಸಿತು. ರೆಕಾರ್ಡ್ ಮಾಡಿದ ಕೂಗು ಹಾಕಿ ಬಾತು ಹೊಡೆಯುವುದಕ್ಕೂ ಸಾಮಾನ್ಯವಾಗಿ ಅನುಮತಿ ಇಲ್ಲ. ಉಳಿದದ್ದು ಬಾಯಲ್ಲಿ ಊದುವ ಪೀಪಿ. 1936ರಿಂದ ಸ್ಟಟ್‌ಗಾರ್ಟ್ ಅನ್ನುವ ಊರಿನಲ್ಲಿ ಬಾತು ಕೂಗಿನ ವಿಶ್ವ ಸ್ಪರ್ಧೆಯೇ ನಡೆಯುತ್ತಿದೆ. ಒಮ್ಮೆ ಹೋಗಿ ಕೇಳಬೇಕು. ಕಣ್ಣು ಮುಚ್ಚಿ ನಿಂತರೆ ಮನುಷ್ಯರು ಊದುತ್ತಿರುವುದು ಅಂತ ಅನ್ನಿಸುವುದೇ ಇಲ್ಲ.

ನಾನು ಬೇಟೆಗಾರನಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯಿಸುವುದಿಲ್ಲ. ನನಗೆ ಹುಚ್ಚು ಇರುವುದು ಲೇತ್‌ನದು. ಊರು ಚನ್ನಪಟ್ಟಣ. ಚಿಕ್ಕಪ್ಪ ಹಾಲೆ ಮರ ಕಡೆದು ಅರಗು ಹಚ್ಚುತ್ತಿದ್ದವರು. ಇಲ್ಲಿ ಗ್ಯಾರೇಜಿನಲ್ಲಿ ಲೇತ್ ಇಟ್ಟ ಮೇಲೆ ಪಕ್ಕದ ಮನೆಯವರು ಒಂದು ಹಳೆಯ ಡಕ್ ಕಾಲ್ ತಂದು, ‘ಇಂಥದ್ದು ಆಗುತ್ತಾ’ ಅಂತ ಕೇಳಿದರು. ಅಲ್ಲಿಂದ ಶುರುವಾಗಿದ್ದು.

ಪೀಪಿಯಲ್ಲಿ ಮುಖ್ಯವಾಗಿ ಎರಡು ತುಂಡು. ಬಾಯಿಗೆ ಇಡುವ ಕಡೆಯದು ಬ್ಯಾರಲ್. ಅದರೊಳಗೆ ಕೂರುವುದು ಇನ್ಸರ್ಟ್. ಇನ್ಸರ್ಟ್‌ನ ಒಳತುದಿಯನ್ನು ಸೀಳಿ ಬಾಗಿಸಿ ಉಜ್ಜಿದ ಹಲಗೆಯಂಥ ಜಾಗಕ್ಕೆ ಟೋನ್ ಬೋರ್ಡ್ ಅನ್ನುತ್ತಾರೆ. ಅದರ ಮೇಲೆ ಮೈಲಾರ್ ಅನ್ನುವ ಪ್ಲಾಸ್ಟಿಕ್ ಹಾಳೆಯ ತೆಳು ನಾಲಿಗೆ, ಅಂದರೆ ರೀಡ್, ಅದನ್ನು ಹಿಡಿದಿಡಲು ಒಂದು ಚೂರು ಕಾರ್ಕ್. ಊದಿದಾಗ ರೀಡ್ ಟೋನ್ ಬೋರ್ಡಿಗೆ ಬಡಿದು ಕೂಗು ಹುಟ್ಟುತ್ತದೆ. ಮರದ ಪೀಪಿಯ ದನಿ ಮೆತ್ತಗೆ, ಅಕ್ರಿಲಿಕ್‌ನದು ಚೂಪು ಮತ್ತು ಜೋರು. ನೀರಲ್ಲಿ ಬಿದ್ದರೂ ಅಕ್ರಿಲಿಕ್ ಮರದ ಹಾಗೆ ಊದಿಕೊಳ್ಳಲ್ಲ. ಗದ್ದೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಲ್ಲುವವರಿಗೆ ಇದು ದೊಡ್ಡ ವಿಷಯ.

ತೂತು ಹೊಳೆಯದಿದ್ದರೆ ದನಿಗೆ ಏನಾದರೂ ತೊಂದರೆ ಇದೆಯಾ? ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ. ಗೊತ್ತಾಗುತ್ತದೆ ಅನ್ನುವವರ ಜೊತೆ ನಾನು ವಾದಕ್ಕೂ ಹೋಗಲ್ಲ. ಆದರೆ ಪಾರದರ್ಶಕ ರಾಡಿನಲ್ಲಿ ಮಾಡಿದಾಗ ಒಳಗೆ ಮಬ್ಬು ಇದ್ದರೆ ಪೀಪಿಯೊಳಗೆ ಹಾಲು ತುಂಬಿಟ್ಟ ಹಾಗೆ ಕಾಣುತ್ತದೆ. ಹೊರಗೆ ಎಷ್ಟು ಪಾಲಿಶ್ ಮಾಡಿದರೂ ವ್ಯರ್ಥ. ಜೊತೆಗೆ ನುಣುಪಾದ ತೂತಿನಲ್ಲಿ ಎಂಜಲು ನಿಲ್ಲಲ್ಲ, ತೊಳೆಯುವುದು ಸುಲಭ.

ಉರಿ ಹಿಡಿಯುವ ಮೊದಲು ರಾಡ್ ನಿಜಕ್ಕೂ ಅಕ್ರಿಲಿಕ್ಕೇ ಅಂತ ಖಚಿತ ಮಾಡಿಕೊಳ್ಳಬೇಕು. ಬಣ್ಣದ ಸುಳಿ ಇರುವ ಎಷ್ಟೋ ರಾಡುಗಳನ್ನು ಅಕ್ರಿಲಿಕ್ ಅಂತ ಹೇಳಿ ಮಾರುತ್ತಾರೆ. ಆದರೆ ಅವು ಪಾಲಿಯೆಸ್ಟರ್ ರೆಸಿನ್ ಅಥವಾ ಯುರಿಥೇನ್ ಎರಕ. ಅವು ಬಿಸಿಗೆ ಕರಗಿ ಹರಿಯಲ್ಲ, ಕರಕಲಾಗುತ್ತವೆ. ನಾನು ಆನ್‌ಲೈನಿನಲ್ಲಿ ತರಿಸಿದ ಒಂದು ಕಂತೆಯೂ ಅಂಥದ್ದೇ. ಪರೀಕ್ಷೆ ಸುಲಭ. ಲೇತ್ ಮೇಲೆ ಬಂದ ಒಂದು ಎಳೆ ಸಿಪ್ಪೆಯನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಬಯಲಲ್ಲಿ ಉರಿಗೆ ತೋರಿಸಿ. ಅಕ್ರಿಲಿಕ್ ಆದರೆ ಮೆತ್ತಗಾಗಿ, ಚಟಪಟ ಅಂತ ಉರಿದು, ಹಣ್ಣಿನ ಹಾಗೆ ಸಿಹಿ ವಾಸನೆ ಬಿಡುತ್ತದೆ. ಹೊಗೆ ಕಡಿಮೆ. ಪಾಲಿಯೆಸ್ಟರ್ ಆದರೆ ಕಪ್ಪು ಹೊಗೆ, ಮೇಲೆ ಹಾರುವ ಮಸಿ, ಕೊನೆಗೆ ಇದ್ದಲು. ಸಿಹಿ ವಾಸನೆ ಅಂತ ಮೂಗು ಹತ್ತಿರ ಒಯ್ಯಬೇಡಿ, ಅದು ಎದೆಗೆ ಒಳ್ಳೆಯದಲ್ಲ.

ಅಕ್ರಿಲಿಕ್‌ನಲ್ಲೂ ಎರಡು ಜಾತಿ. ಅಚ್ಚಿನಲ್ಲಿ ಎರಕ ಹೊಯ್ದದ್ದು ಒಂದು, ಯಂತ್ರದಿಂದ ಒತ್ತಿ ಹೊರತೆಗೆದದ್ದು ಇನ್ನೊಂದು. ಎರಡನೆಯದು ಅಗ್ಗ. ಆದರೆ ಉಳಿಗೆ ಅಂಟುತ್ತದೆ, ಒಳಗೆ ಬಿಗುವು ಜಾಸ್ತಿ, ಆಮೇಲೆ ಬಿರುಕು ಬಿಡುತ್ತದೆ. ನಾನು ಎರಕದ್ದು ಬಿಟ್ಟು ಬೇರೆ ಮುಟ್ಟುವುದಿಲ್ಲ.

ಈಗ ತೂತು ಕೊರೆಯುವುದು. ಒಳಗಿನ ಹೊಳಪಿನ ಅರ್ಧ ಭಾಗ ಇಲ್ಲೇ ತೀರ್ಮಾನವಾಗಿಬಿಡುತ್ತದೆ. 38 ಮಿಲಿಮೀಟರ್ ದಪ್ಪದ ರಾಡಿನಲ್ಲಿ 16 ಮಿಲಿಮೀಟರ್ ಹತ್ತಿರದ, ಅಂದರೆ 5/8 ಇಂಚಿನ ತೂತು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗುತ್ತದೆ. ಬಿಸಿಯನ್ನು ಬೇಗ ಆಚೆ ದಾಟಿಸುವ ಗುಣವೂ ಅದಕ್ಕಿಲ್ಲ. ಮೊಂಡು ಡ್ರಿಲ್ ಬಿಟ್ ಹಾಕಿ ಒಂದೇ ಸಮ ಒತ್ತಿದರೆ ತೂತಿನ ಗೋಡೆ ಕರಗಿ, ಬಳೆ ಬಳೆಯಾಗಿ ಮಡಚಿಕೊಳ್ಳುತ್ತದೆ. ಆ ಬಳೆಗಳನ್ನು ಯಾವ ಉರಿಯೂ ತೆಗೆಯಲ್ಲ. ನಾನು ಬಿಟ್ ಅನ್ನು ಚೂಪು ಮಾಡಿ, ಲೇತ್ ನಿಧಾನ ಇಟ್ಟು, ಒಂದು ಹನಿ ಪಾತ್ರೆ ಸೋಪು ಹಾಕಿದ ನೀರು ಬಿಡುತ್ತಾ, ಬೆರಳಗಲ ಕೊರೆದು ಹೊರಗೆಳೆಯುತ್ತೇನೆ. ಸಿಪ್ಪೆ ಒರೆಸಿ ಮತ್ತೆ ಒಳಗೆ. ಸಿಪ್ಪೆ ಬಿಳಿ ಎಳೆಯಾಗಿ ಬರುತ್ತಿದ್ದರೆ ಸರಿ ಇದೆ ಅಂತ. ಅಂಟು ಉಂಡೆಯಾಗಿ ಬಿಟ್‌ಗೆ ಸುತ್ತಿಕೊಂಡರೆ ಕೈ ತೆಗೆದು ಆರಲು ಬಿಡಬೇಕು.

ಕೊರೆದ ಮೇಲೆ ವಾಟರ್ ಪೇಪರ್. ಒಂದು ಮರದ ಕಡ್ಡಿಯ ತುದಿ ಸೀಳಿ, ಪೇಪರ್ ಸಿಕ್ಕಿಸಿ, ಸುತ್ತಿ, ಒದ್ದೆ ಮಾಡಿ, ತಿರುಗುತ್ತಿರುವ ತೂತಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇನೆ. ಪೇಪರಿನ ನಂಬರ್ 220, 320, 400, ಕೊನೆಗೆ ಇವುಗಳಲ್ಲೇ ತೀರಾ ನಯವಾದ 600. ಪ್ರತಿ ಸಲ ಪೇಪರ್ ಬದಲಿಸುವಾಗ ತೊಳೆದು, ಹಿಂದೆ ದೀಪ ಇಟ್ಟು ಒಳಗೆ ನೋಡುತ್ತೇನೆ. ಹಿಂದಿನ ಪೇಪರಿನ ಗೀರು ಒಂದೂ ಉಳಿದಿರಬಾರದು. ಉರಿ ಏನು ಮಾಡುತ್ತದೆ ಅಂದರೆ ಮೇಲ್ಮೈಯ ತೀರಾ ತೆಳುವಾದ ಪದರವನ್ನು ಕರಗಿಸುತ್ತದೆ. ಕರಗಿದ್ದು ತನ್ನಷ್ಟಕ್ಕೇ ಎಳೆದುಕೊಂಡು ಸಮ ಆಗುತ್ತದೆ. 600ರ ಗೀರು ಅದರಲ್ಲಿ ಮುಚ್ಚಿಹೋಗುತ್ತದೆ. 220ರ ಗೀರು ಮುಚ್ಚಲ್ಲ. ಅದರ ಅಂಚು ಮಾತ್ರ ಮೊಂಡಾಗಿ, ಹೊಳೆಯುವ ಗೀರಾಗಿ ಇನ್ನೂ ಎದ್ದು ಕಾಣುತ್ತದೆ. 2000ದವರೆಗೆ ಹೋಗಬೇಕಾಗಿಲ್ಲ. ಅಷ್ಟು ದೂರ ಹೋದರೆ ಉರಿ ಯಾಕೆ ಬೇಕು?

ಆಮೇಲೆ ತೊಳೆಯುವುದು. ಸೋಪಿನ ನೀರಲ್ಲಿ ಬಾಟಲಿ ಬ್ರಷ್ ಹಾಕಿ ಉಜ್ಜುತ್ತೇನೆ. ಒಳಗೆ ಒಂದು ಕಣ ಪುಡಿ ಉಳಿದರೂ ಅದು ಸುಟ್ಟು ಅಲ್ಲೇ ಅಂಟುತ್ತದೆ. ಬೆರಳಿನ ಜಿಡ್ಡೂ ಅಷ್ಟೇ. ತೊಳೆದ ತಕ್ಷಣ ಉರಿ ಹಿಡಿಯಬಾರದು. ಅಕ್ರಿಲಿಕ್ ಸ್ವಲ್ಪ ನೀರು ಹೀರುತ್ತದೆ. ಆ ತೇವ ಉರಿಗೆ ಆವಿಯಾಗಿ ಸೂಜಿಮೊನೆಯಷ್ಟು ಗುಳ್ಳೆ ಏಳಿಸುತ್ತದೆ. ನಾನು ರಾತ್ರಿಯೆಲ್ಲ ಮನೆಯೊಳಗೆ, ಹೀಟರಿನ ಗಾಳಿ ಬರುವ ಕಡೆ ಇಟ್ಟಿರುತ್ತೇನೆ.

ಟಾರ್ಚ್ ವಿಷಯ. ನನ್ನದು ಬ್ಯೂಟೇನ್ ತುಂಬುವ ಪುಟ್ಟದು, ಸಣ್ಣ ಬೆಸುಗೆಗೆ ಬಳಸುತ್ತಾರಲ್ಲ, ಅಂಥದ್ದು. ಕಾರ್ಖಾನೆಗಳಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕದ ಉರಿ ಬಳಸುತ್ತಾರೆ, ಅದು ತೀರಾ ಶುದ್ಧ. ಕೊಳಾಯಿ ಕೆಲಸದ ದೊಡ್ಡ ಪ್ರೊಪೇನ್ ಟಾರ್ಚ್ ಈ ತೂತಿಗೆ ಅತಿಯಾಯಿತು. ಹೊತ್ತಿಸಿದ ಮೇಲೆ ಉರಿ ನೆಲೆಗೆ ಬರಲು ಸ್ವಲ್ಪ ಹೊತ್ತು ಬಿಡಿ. ಒಳಗಿನ ನೀಲಿ ಮೊನೆ ಚೂಪಾಗಿ ನಿಂತಿರಬೇಕು. ಎಲ್ಲೂ ಹಳದಿ ಇರಬಾರದು. ಹಳದಿ ಅಂದರೆ ಮಸಿ. ಲೇತ್ ಸುತ್ತ ಬಿದ್ದ ಸಿಪ್ಪೆಯನ್ನು ಮೊದಲೇ ಗುಡಿಸಿ ಆಚೆ ಹಾಕಿ. ಅಕ್ರಿಲಿಕ್‌ಗೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾರೇಜಿನ ಬಾಗಿಲು ತೆಗೆದಿಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಡುವುದು ನನ್ನ ಅಭ್ಯಾಸ.

ಬ್ಯಾರಲ್ ಅನ್ನು ಎಡಗೈಯಲ್ಲಿ ಹಿಡಿಯುತ್ತೇನೆ, ಎರಡೂ ಬಾಯಿ ತೆರೆದಿರುವ ಹಾಗೆ. ಒಂದು ಬಾಯಿ ಮುಚ್ಚಿದರೆ ಉರಿಗೆ ಗಾಳಿ ಸಾಲದೆ ಒಳಗೆಲ್ಲ ಕಾಡಿಗೆ ಕಟ್ಟುತ್ತದೆ. ಆಚೆ ಬಾಯಿಯಿಂದ ಬಿಸಿ ಗಾಳಿ ನುಗ್ಗುತ್ತದೆ, ಅಲ್ಲಿ ಬೆರಳು ಇರಬಾರದು. ಬಲಗೈಯ ಟಾರ್ಚ್ ಮೊದಲು ಬ್ಯಾರಲ್‌ನ ಹೊರಗೇ ಚಲಿಸಲು ಶುರುಮಾಡಿರಬೇಕು. ನಿಂತ ಉರಿಯನ್ನು ತೂತಿನ ಮುಂದೆ ತಂದು ಆಮೇಲೆ ಆಡಿಸುವುದಲ್ಲ. ಓಡುತ್ತಿರುವ ಉರಿ ಒಳಗೆ ಹಾದು ಹೊರಗೆ ಬರಬೇಕು. ಅದೇ ಹೊತ್ತಿಗೆ ಎಡಗೈ ಬ್ಯಾರಲ್ ಅನ್ನು ಒಂದು ಕಡೆಗೆ ತಿರುಗಿಸುತ್ತಿರಬೇಕು. ನೀಲಿ ಮೊನೆ ಗೋಡೆಗೆ ತಾಕಬಾರದು, ಅದರ ಆಚೆಯ ಮಸುಕಾದ ಭಾಗ ಸವರಿ ಹೋಗಬೇಕು. ‘ಒಂದು’ ಅನ್ನುವಷ್ಟರಲ್ಲಿ ಹೊರಗೆ.

ಆ ಕ್ಷಣ ಹಿಂದಿನ ದೀಪದ ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ. ಬಿಳಿ ಮಬ್ಬಿನ ಮೇಲೆ ಉರಿ ಹಾದ ದಾರಿಯಲ್ಲಿ ಒಂದು ಒದ್ದೆ ಪಟ್ಟಿ ಮೂಡುತ್ತದೆ. ಅದರ ಅಂಚು ನಿಮ್ಮ ಕಣ್ಣೆದುರೇ ಸ್ವಲ್ಪ ಅಗಲವಾಗಿ ಅಲ್ಲೇ ನಿಲ್ಲುತ್ತದೆ. ಇನ್ನೂ ಮಬ್ಬಿದೆ ಅಂತ ತಕ್ಷಣ ಎರಡನೇ ಸಲ ಹಾಯಿಸುವ ಆಸೆ ಆಗುತ್ತದೆ. ಆಗಲೇ ಟಾರ್ಚ್ ಕೆಳಗಿಡಬೇಕು. ಗೋಡೆ ಆರುವ ಮೊದಲು ಮತ್ತೆ ಉರಿ ಬಂದರೆ ಬಿಸಿ ಒಳಪದರಕ್ಕೆ ಇಳಿಯುತ್ತದೆ. ಗುಳ್ಳೆ ಹುಟ್ಟುವುದು ಅಲ್ಲಿ. ನಾನು ಕೈಯ ಹಿಂಭಾಗದಿಂದ ಹೊರಮೈ ಮುಟ್ಟಿ ನೋಡುತ್ತೇನೆ. ಹೊರಗೆ ಬೆಚ್ಚಗಾಗಿದ್ದರೆ ಈಗಾಗಲೇ ಜಾಸ್ತಿ ಆಯಿತು ಅಂತ ಲೆಕ್ಕ. ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು ಬಾಯಿಯಿಂದ ಇನ್ನೊಂದು ಸಲ.

ಬಾಯಿಯ ಅಂಚಿನ ಬಗ್ಗೆ ಎಚ್ಚರ ಬೇಕು. ಅಲ್ಲಿ ಗೋಡೆ ತೆಳು, ಬಿಸಿ ಎರಡೂ ಕಡೆಯಿಂದ ಬರುತ್ತದೆ. ಮೊದಲು ಸೊಟ್ಟಗಾಗುವುದು ಅದೇ. ಅದಕ್ಕೇ ನಾನು ಹೊರಮೈಯನ್ನು ಪೂರ್ತಿ ತೆಳು ಮಾಡುವ ಮೊದಲೇ ಒಳಗಿನ ಉರಿ ಕೆಲಸ ಮುಗಿಸುತ್ತೇನೆ. ಗೋಡೆ ದಪ್ಪ ಇದ್ದಷ್ಟು ಧೈರ್ಯ. ಕಡೆಯುವುದು, ಹೊರಗಿನ ಕೊನೆಯ ಬಫಿಂಗ್ ಎಲ್ಲ ಆಮೇಲೆ.

ಚಿಕ್ಕಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸಿದೆ. ‘ಏನ್ ಮಗಾ, ಅರಗು ಉಜ್ಜೋ ಬಿಸಿಗೇ ಕರಗುತ್ತೆ, ತಾಳೆಗರಿ ಹಿಡಿದ್ರೆ ಹೊಳಪು ಬಂತು. ನೀನ್ಯಾಕೆ ಬೆಂಕಿ ಹಚ್ತೀಯ?’ ಅಂದರು.

‘ಹೊರಗೆ ಹಂಗೇ ಮಾಡ್ತೀನಿ ಚಿಕ್ಕಪ್ಪ. ಒಳಗೆ ಗರಿ ಹೋಗಲ್ವಲ್ಲ’ ಅಂದೆ.

‘ಒಳಗೆ ಯಾರು ನೋಡ್ತಾರೋ?’

ಪಾರದರ್ಶಕ ಬ್ಯಾರಲ್ ಅನ್ನು ಕ್ಯಾಮೆರಾ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, ‘ಗೋಡೆ ದಪ್ಪ ಆ ಕಡೆ ಈ ಕಡೆ ಒಂದೇ ಇಲ್ಲ ನೋಡು’ ಅಂದರು. ನಿಜ. ಒಳಗೆ ಮಬ್ಬಿದ್ದಾಗ ತೂತು ಸೊಟ್ಟ ಹೋಗಿದ್ದು ಯಾರಿಗೂ ಕಾಣಲ್ಲ.

ಇನ್ನು ಇನ್ಸರ್ಟ್. ಅದಕ್ಕೆ ಉರಿ ಬೇಡವೇ ಬೇಡ. ಟೋನ್ ಬೋರ್ಡಿನ ಬಾಗು, ಅದರ ಎರಡು ಅಂಚು, ರೀಡ್ ಮಲಗುವ ಸಮತಟ್ಟು, ಇವೆಲ್ಲ ಸೇರಿ ಕೂಗು ಆಗುವುದು. ರೀಡ್‌ನ ದಪ್ಪವೇ ಕಾಲು ಮಿಲಿಮೀಟರ್ ಆಸುಪಾಸು ಅಂದಮೇಲೆ ಟೋನ್ ಬೋರ್ಡಿನಲ್ಲಿ ಎಷ್ಟು ಸಣ್ಣ ಏರುಪೇರು ಲೆಕ್ಕಕ್ಕೆ ಬರುತ್ತದೆ ನೀವೇ ಊಹಿಸಿ. ಉರಿ ತಾಕಿದ ಕೂಡಲೇ ಅಂಚು ಮೊಂಡಾಗುತ್ತದೆ, ರೀಡ್ ಅಂಟಿಕೊಳ್ಳುತ್ತದೆ, ಬಾತಿನ ಬದಲು ಗಂಟಲು ಕಟ್ಟಿದ ಕಾಗೆ ಕೂಗುತ್ತದೆ. ಹಿಂದಿನ ತುದಿಯಿಂದ ಉರಿ ಬಿಟ್ಟರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಬಿಸಿ ಗಾಳಿ ಆ ಕಿರಿದಾದ ತೂತಿನಿಂದ ನೇರ ಟೋನ್ ಬೋರ್ಡಿನ ಮೇಲೇ ಹೋಗುತ್ತದೆ. ನಾನು ದಪ್ಪ ಹತ್ತಿ ದಾರಕ್ಕೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ, ತೂತಿನಲ್ಲಿ ಪೋಣಿಸಿ ಎಳೆದಾಡುತ್ತೇನೆ. ತೋಳು ನೋಯುತ್ತದೆ, ಕೆಲಸ ಆಗುತ್ತದೆ.

ಉರಿ ಹಿಡಿದ ಬ್ಯಾರಲ್ ನೋಡಲು ಮುಗಿದ ಹಾಗಿದ್ದರೂ ಮುಗಿದಿರಲ್ಲ. ಕರಗಿದ ಪದರ ಆರುವಾಗ ಕುಗ್ಗುತ್ತದೆ, ಅದರ ಕೆಳಗಿನದು ಕುಗ್ಗಲು ಬಿಡುವುದಿಲ್ಲ. ಹಾಗಾಗಿ ಮೇಲ್ಮೈಯಲ್ಲಿ ಬಿಗುವು ಉಳಿಯುತ್ತದೆ. ಇವತ್ತು ಕಾಣಿಸಲ್ಲ. ಸ್ಪಿರಿಟ್, ಅಸಿಟೋನ್, ಕೆಲವು ಗಾಜು ಒರೆಸುವ ದ್ರಾವಣ ತಾಕಿದಾಗ ಒಳಗೆಲ್ಲ ಕೂದಲೆಳೆಯಂಥ ಬಿರುಕು ಹರಡುತ್ತದೆ. ಒಮ್ಮೆ ಬಂದರೆ ಹೋಗಲ್ಲ. ಇದಕ್ಕೆ ನಾನು ಗ್ಯಾರೇಜಿನಲ್ಲಿ ಒಂದು ಹಳೆಯ ಟೋಸ್ಟರ್ ಓವನ್ ಇಟ್ಟಿದ್ದೇನೆ, ಅಡುಗೆಗೆ ಬಳಸದ್ದು. ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಬಿಡುತ್ತೇನೆ. ಆಮೇಲೆ ಸ್ವಿಚ್ ಆರಿಸಿ, ಬಾಗಿಲು ತೆಗೆಯದೆ ಅದರೊಳಗೇ ತಣ್ಣಗಾಗಲು ಬಿಡುತ್ತೇನೆ. ಗಡಿಬಿಡಿಯಲ್ಲಿ ಬಾಗಿಲು ತೆಗೆದರೆ ಬಿಗುವು ತಿರುಗಿ ಬಂತು ಅಂತಲೇ.

ಪೀಪಿ ಕೊಡುವಾಗ ಒಂದು ಚೀಟಿ ಜೊತೆಗೆ ಹಾಕುತ್ತೇನೆ. ಕೋವಿಡ್ ಬಂದ ಮೇಲೆ ಬಾಯಿಗೆ ಇಡುವ ಯಾವುದಕ್ಕೇ ಆದರೂ ಜನ ಸ್ಯಾನಿಟೈಸರ್ ಹಾಕಿ ಒರೆಸುತ್ತಾರೆ. ಅದರಲ್ಲಿರುವುದು ಬಹುಪಾಲು ಆಲ್ಕೋಹಾಲ್. ಚೀಟಿಯಲ್ಲಿ ಇರುವುದು ಇಷ್ಟೇ: ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಮೆತ್ತನೆ ಬಟ್ಟೆ. ಸ್ಯಾನಿಟೈಸರ್ ಬೇಡ. ಬೇಸಿಗೆಯಲ್ಲಿ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗಬೇಡಿ.