ನಲವತ್ತು ದಿನಕ್ಕೆ ಅಂತ ಬಿಟ್ಟ ಕಳೆನಾಶಕ

ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ, ಬಂತೆಂದರೆ ನಮ್ಮ ಚರ್ಚಿನ ಅಂಗಳದಲ್ಲಿ ಯಾರು ಏನು ಬಿಟ್ಟರು ಅನ್ನೋದೇ ಮಾತು. ಒಬ್ಬರು ಮೀನು ಬಿಡುತ್ತಾರೆ, ಒಬ್ಬರು ಬೀಡಿ. 2019ರಲ್ಲಿ ಅದರ ಮೊದಲ ದಿನ, ವಿಭೂತಿ ಬುಧವಾರ, ನಾನು ಅಡಿಕೆ ತೋಟಕ್ಕೆ ಹೊಡೆಯುವ ಕಳೆನಾಶಕ ಬಿಟ್ಟೆ. ಹೆಂಡತಿಯ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ಮಾರ್ಚಲ್ಲಿ ಕಳೆ ಎಲ್ಲಿರತ್ತೆ? ಹಲ್ಲು ಉದುರಿದವ ಕಡಲೆ ಬಿಟ್ಟ ಹಾಗಾಯ್ತು. ಮಳೆಗಾಲದಲ್ಲಿ ಬಿಡಿ, ನೋಡೋಣ."

ಅವನು ಹೇಳಿದ್ದು ಸರಿಯೇ. ಅದಕ್ಕೇ ಸಿಟ್ಟು ಬಂತು. ಈಸ್ಟರ್ ಆದ ಮೇಲೂ ಕ್ಯಾನು ಮುಟ್ಟಲಿಲ್ಲ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಕಾಳಜಿ ಕುರಿತು ಬರೆದ 'ಲೌದಾತೊ ಸೀ' ಪತ್ರದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರವಚನದಲ್ಲಿ ಕೇಳಿದ್ದೇವೆ. ಸೆಪ್ಟೆಂಬರ್ 1ಕ್ಕೆ, ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಅಂತ, ಸಸಿ ನೆಡುತ್ತೇವೆ, ಫೋಟೋ ಹೊಡೆಸುತ್ತೇವೆ. ಅಕ್ಟೋಬರ್ 4ಕ್ಕೆ ಸಂತ ಫ್ರಾನ್ಸಿಸರ ಹಬ್ಬ ಬರುವಷ್ಟರಲ್ಲಿ ದನ ಮೇಯ್ದಿರುತ್ತೆ. ನನ್ನನ್ನು ಚುಚ್ಚಿದ್ದು ಒಂದೇ ಮಾತು. ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಡುತ್ತಾನಲ್ಲ, ಉಳೋದಕ್ಕೆ ಮತ್ತು ಕಾಯೋದಕ್ಕೆ. ಪೋಪ್ ಆ ಎರಡನೇ ಮಾತನ್ನೇ ಹಿಡಿದು ಎಳೆಯುತ್ತಾರೆ. ನಾನೂ ತೋಟದವನೇ. ಹದಿನೈದು ವರ್ಷ ಕಾದಿದ್ದೇನು ಅಂತ ನೋಡಿದರೆ, ಮೂರು ಎಕರೆ ಕೆಂಪು ನೆಲ. ಹುಲ್ಲಿಲ್ಲ, ಎರೆಹುಳ ಇಲ್ಲ. ಮಳೆ ಬಂದರೆ ಮಣ್ಣೆಲ್ಲ ಬಸಿಗಾಲುವೆ ಸೇರಿ ಕೆಳಗಿನ ಗದ್ದೆಗೆ. ಪಾಪನಿವೇದನೆಯಲ್ಲಿ ಇದನ್ನೂ ಹೇಳಿದೆ. ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಎಕರೆ?" ಅಂದರು.

ಮೊದಲ ಮಳೆಗಾಲ ಮರ್ಯಾದೆ ಹೋಯಿತು. 2019ರ ಆಗಸ್ಟ್ ಮಳೆ ಮಲೆನಾಡಿನವರು ಯಾರೂ ಮರೆಯಲ್ಲ. ಹುಲ್ಲು ಸೊಂಟದವರೆಗೆ ಬಂತು. ಇಪ್ಪತ್ತೆರಡು ಸಾವಿರ ಕೊಟ್ಟು ಕಳೆ ಕತ್ತರಿಸುವ ಯಂತ್ರ ತಂದೆ. ಓಡಿಸಲು ಬಂದ ಹುಡುಗ ಹುಲ್ಲಿನ ಜೊತೆ ಮೂವತ್ತೇಳು ಮೆಣಸಿನ ಬಳ್ಳಿಯನ್ನೂ ಬುಡಕ್ಕೇ ಹಾರಿಸಿದ. ಎಣಿಸಿದ್ದೇನೆ, ಮೂವತ್ತೇಳು. ಕೆಲವು ಹದಿನೆಂಟು ವರ್ಷದವು. ಯಂತ್ರದಲ್ಲಿ ತಿರುಗುವ ನೈಲಾನ್ ದಾರ ತಾಗಿದ್ದು ಅವತ್ತು ಗೊತ್ತಾಗಲ್ಲ. ವಾರ ಬಿಟ್ಟು ಎಲೆ ಬಾಡಿದಾಗಲೇ ಗೊತ್ತಾಗೋದು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಬೇಲಿ ಹತ್ತಿರವೇ ನಿಂತು, ಕೊಳಕುಮಂಡಲ ಹಾವು ಇರೋ ತೋಟಕ್ಕೆ ಕಾಲಿಡಲ್ಲ ಅಂದ. ಹೆಂಗಸರು ರಕ್ತ ಹೀರುವ ಉಂಬಳಕ್ಕೆ ಹೆದರಿ ಅಡಿಕೆ ಹೆಕ್ಕಲು ಬರಲಿಲ್ಲ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ನಾನು, ನನ್ನ ಹೆಂಡತಿ ಹೆಕ್ಕಿದೆವು. ಹುಲ್ಲೊಳಗೆ ಬಿದ್ದ ಅಡಿಕೆಯಲ್ಲಿ ಅರ್ಧ ಸಿಗಲೇ ಇಲ್ಲ.

ಲೆಕ್ಕ ಹೇಳುತ್ತೇನೆ. ಕಳೆನಾಶಕಕ್ಕೆ ವರ್ಷಕ್ಕೆ ಎರಡು ಸಲ, ಕೂಲಿ ಸೇರಿ ಸುಮಾರು ಹತ್ತು ಸಾವಿರ ಆಗುತ್ತಿತ್ತು. ಆ ವರ್ಷ ಕಳೆಗೇ ಇಪ್ಪತ್ತೆಂಟು ಸಾವಿರ, ಯಂತ್ರ ಬೇರೆ. ಅಡಿಕೆ ಇಪ್ಪತ್ತೆರಡು ಕ್ವಿಂಟಾಲ್ ಆಗುವಲ್ಲಿ ಹತ್ತೊಂಬತ್ತೂ ತುಂಬಲಿಲ್ಲ. ಅದರಲ್ಲಿ ಕೊಳೆರೋಗದ ಪಾಲೂ ಇತ್ತು, ಅದಕ್ಕೆ ಮೂರನೇ ಸಲದ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಲು ಮಳೆ ಬಿಡಲಿಲ್ಲ. ಆದರೆ ಊರಿಗೆ ಅದೆಲ್ಲ ಬೇಕಾಗಿರಲಿಲ್ಲ. "ಉಪವಾಸ ಹೊಟ್ಟೆಗೆ ಮಾಡ್ತಾರೆ ಮಾರಾಯ, ತೋಟಕ್ಕೆ ಮಾಡ್ತಾರಾ?" ಅಂತ ಪೂಜೆ ಮುಗಿಸಿ ಬಂದವರೆಲ್ಲ ಕೇಳಿದ್ದೇ.

ಎರಡನೇ ವರ್ಷ ಹುಲ್ಲನ್ನು ಅಡಗಿಸುತ್ತೆ ಅಂತ ಯಾರೋ ಹೇಳಿದ ಪ್ಯೂರೇರಿಯಾ ಬಳ್ಳಿ ಹಾಕಿದೆ. ಹುಲ್ಲು ಅಡಗಿತು. ಜೊತೆಗೆ ಬಾಳೆ, ಏಲಕ್ಕಿ, ನಡುವೆ ಇದ್ದ ಕಾಫಿ ಎಲ್ಲಾ ಅಡಗಿದವು. ಅದನ್ನು ಬಿಡಿಸಲು ಹಿಡಿದ ಆಳಿನ ಲೆಕ್ಕ ಹೆಂಡತಿಗೆ ಇನ್ನೂ ಹೇಳಿಲ್ಲ.

ದಾರಿ ಸಿಕ್ಕಿದ್ದು ಪೋಪರ ಅದೇ ಪತ್ರದಲ್ಲಿ. ಲಾಕ್‌ಡೌನ್‌ನಲ್ಲಿ ಸುಮ್ನೆ ಕೂತು ಮತ್ತೆ ಓದುತ್ತಿದ್ದೆ. ಹನ್ನೆರಡನೇ ಪ್ಯಾರಾದಲ್ಲಿ ಒಂದು ಮಾತಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದಲ್ಲಿ ಒಂದು ಭಾಗವನ್ನು ಯಾರೂ ಮುಟ್ಟದೆ ಹಾಗೇ ಬಿಡಿ, ಕಾಡು ಹೂವು, ಸೊಪ್ಪು ಬೆಳೆಯಲಿ ಅಂದಿದ್ದರಂತೆ. ನೋಡಿದವರು ದೇವರನ್ನು ನೆನೆಯಲಿ ಅಂತ. ನನಗೆ ಮೊದಲು ನೆನಪಾಗಿದ್ದು ಕೂಲಿ ಲೆಕ್ಕ. ಇಡೀ ತೋಟದ ಹುಲ್ಲು ಯಾಕೆ ಕತ್ತರಿಸಬೇಕು? ಅರ್ಧ ಬಿಟ್ಟರೆ ಅರ್ಧ ಕೂಲಿ ತಾನೇ!

2021ರಿಂದ ಒಂದು ಸಾಲು ಬಿಟ್ಟು ಒಂದು ಸಾಲು. ಜೂನ್ ಕೊನೆಗೆ ಒಂದು ಸರದಿ, ಆಗಸ್ಟ್ ಮೊದಲಿಗೆ ಬಿಟ್ಟ ಸಾಲುಗಳ ಸರದಿ. ಕೊಯ್ಲಿಗೆ ಮುಂಚೆ ಮಾತ್ರ ಎಲ್ಲಾ ಒಟ್ಟಿಗೆ, ಉದುರಿದ ಅಡಿಕೆ ಕಾಣಬೇಕಲ್ಲ. ನಾಲ್ಕು ಬೆರಳು ಎತ್ತರ ಬಿಟ್ಟು ಕತ್ತರಿಸಬೇಕು, ಬುಡ ಕೆರೆಯಬಾರದು. ಬಳ್ಳಿ ಬುಡಕ್ಕೆ ಒಂದು ಮೊಳದೊಳಗೆ ಯಂತ್ರ ಬೇಡ, ಅಲ್ಲಿ ಕತ್ತಿಯೇ. ಕತ್ತರಿಸಿದ್ದು ಮರದ ಬುಡಕ್ಕೆ. ಮೊದಲ ಸರದಿ ಯಾವ ದಿನ ಶುರು ಮಾಡೋದು ಅನ್ನೋದು ಮುಖ್ಯ. ಎರಡು ದಿನ ಹೆಚ್ಚುಕಮ್ಮಿ ಆದರೂ ಹುಲ್ಲು ಗೆಲ್ಲುತ್ತೆ. ನಾನು ಬೇಲಿಯ ಒಂದು ಗಿಡದ ಹೂವು ನೋಡಿ ಹೇಳುತ್ತೇನೆ. ಯಾವ ಗಿಡ ಅಂತ ಭಾವಮೈದನಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನಾ?

ಕೊನೆಗಾರ ಈಗ ಬರುತ್ತಾನೆ. ಕತ್ತರಿಸಿದ ಸಾಲಿನಲ್ಲೇ ನಡೆಯುತ್ತಾನೆ. ಹಾವಿಗೆ ಅದರ ಸಾಲು, ಅವನಿಗೆ ಅವನ ಸಾಲು. ಮೆಣಸಿಗೂ ಒಳ್ಳೆಯದಾಯಿತು. ಬೋಳು ನೆಲಕ್ಕೆ ಮಳೆ ಹನಿ ಬಡಿದು ಕೆಸರು ಎಲೆಗೆ ಸಿಡಿಯುತ್ತಿತ್ತು, ಬಳ್ಳಿಯನ್ನೇ ಕೊಲ್ಲುವ ಸೊರಗು ರೋಗ ಹತ್ತೋದು ಆ ಕೆಸರಿನ ಜೊತೆಗೇ ಅಲ್ವಾ. ಈಗ ಜುಲೈನಲ್ಲೂ ಕೆಳಗಿನ ಎಲೆ ತೊಳೆದಿಟ್ಟ ಹಾಗಿರುತ್ತೆ. ಕಳೆಗೆ ವರ್ಷಕ್ಕೆ ಹದಿಮೂರೋ ಹದಿನಾಲ್ಕೋ ಸಾವಿರ. ಹಳೆಯದಕ್ಕಿಂತ ಜಾಸ್ತಿಯೇ, ಸುಳ್ಳು ಹೇಳಲ್ಲ. ಆದರೆ ಗೊಬ್ಬರದ ಲೋಡು ಒಂದು ಕಮ್ಮಿ ಆಯಿತು. ಹೋದ ಕೊಯ್ಲಿಗೆ ಇಪ್ಪತ್ತಮೂರು ಕ್ವಿಂಟಾಲ್ ದಾಟಿತು. ಭಾವಮೈದ ಈಗ ಅರ್ಧ ಎಕರೆಯಲ್ಲಿ ಕದ್ದು ಮಾಡುತ್ತಿದ್ದಾನೆ.

ನಡುವೆ ಅಡಿಕೆ ಸಿಪ್ಪೆಯನ್ನೂ ಬುಡಕ್ಕೆ ಹಾಕಿ ನೋಡಿದೆ. ಎರಡು ವರ್ಷವಾದರೂ ಕರಗದೆ ಒರಲೆ ಹಿಡಿಯಿತು. ಈಗ ಗುಂಡಿಯಲ್ಲಿ ಸಗಣಿ ನೀರಿನ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ, ಏಳು ತಿಂಗಳಿಗೆ ಕಪ್ಪಗಾಗುತ್ತೆ. ಆ ವಸ್ತುವಿನ ಅಳತೆ ಇನ್ನೂ ಕೈಗೆ ಕೂತಿಲ್ಲ, ಆಮೇಲೆ ಬರೆಯುತ್ತೇನೆ. ಮಾತೆ ಮರಿಯಳ ಹುಟ್ಟಿದ ದಿನವಾದ ಮೊಂತಿ ಹಬ್ಬದ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ ಬೇಡ ಅಂತ ಅಡಿಕೆ ಹಾಳೆ ತಟ್ಟೆ ಮಾಡಿಸಿದ್ದೂ ನಾನೇ. ಮೊದಲ ವರ್ಷ ಮಳೆಯಲ್ಲಿ ಬಿದ್ದ ಹಾಳೆ ಹೆಕ್ಕಿ ಕೊಟ್ಟಿದ್ದೆ. ಪಾಯಸ ಬಡಿಸುವಾಗ ತಟ್ಟೆಯಲ್ಲಿ ಬೂಸಲು. ಹಾಳೆಯನ್ನು ಮೇ ತಿಂಗಳೊಳಗೆ ಒಣಗಿಸಿಟ್ಟುಕೊಳ್ಳಿ.

ಅದೇ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂವು ತರುತ್ತಾರಲ್ಲ. ಸುಮಾರು ವರ್ಷ ಪೇಟೆಯ ಸೇವಂತಿಗೆಯೇ ಗತಿಯಾಗಿತ್ತು. ಈಗ ಬುಟ್ಟಿ ಹಿಡಿದು ನಮ್ಮ ತೋಟಕ್ಕೆ ನುಗ್ಗುತ್ತಾರೆ. ಬಿಟ್ಟ ಸಾಲಿನಲ್ಲಿ ತುಂಬೆ, ಕರ್ಣಕುಂಡಲ, ಹೆಸರು ಗೊತ್ತಿಲ್ಲದ ಒಂದು ನೀಲಿ ಹೂವು. ಹೋದ ವರ್ಷ ಆ ನೀಲಿ ಹೂವಿಗೆ ಇಬ್ಬರು ಜಗಳವಾಡಿ ಒಂದು ಮೆಣಸಿನ ಬಳ್ಳಿ ಕಿತ್ತರು. ಮೂವತ್ತೆಂಟು.