ಬೊಲೆರೊಗೆ ಹುಕ್ ಹಾಕಿಸಿ ಜನರೇಟರ್ ಟ್ರಾಲಿ ಎಳೆದ ನನ್ನ ಅನುಭವ

ಗದಗದಲ್ಲಿ ನಮ್ಮದು ಶಾಮಿಯಾನ, ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ಜನರೇಟರ್ ಟ್ರಾಲಿ ಎಳೆಯೋಕೆ ಪ್ರತಿ ಸಲ ಯಾರದಾದರೂ ಟ್ರ್ಯಾಕ್ಟರ್ ಹೇಳಬೇಕಿತ್ತು. ಮದುವೆ ಸೀಸನ್ನಿನಲ್ಲೇ ಹೊಲದ ಕೆಲಸವೂ ಬಂದರೆ ಟ್ರ್ಯಾಕ್ಟರ್ ಸಿಗಲ್ಲ. ಮನೆಯಲ್ಲಿ ಬೊಲೆರೊ ಇತ್ತು, ಅದಕ್ಕೇ ಹುಕ್ ಹಾಕಿಸಿದೆ.

ಮೊದಲ ಸಲ ಹಾಕಿಸಿದ್ದು ತಪ್ಪಾಯ್ತು. ಒಂದು ಗ್ಯಾರೇಜಿನಲ್ಲಿ ಹಿಂದಿನ ಬಂಪರಿನ ಪಟ್ಟಿಗೇ ಹುಕ್ ವೆಲ್ಡ್ ಮಾಡಿ ಕೊಟ್ಟರು, ಒಂದೇ ಗಂಟೆಯ ಕೆಲಸ. ಮೂರನೇ ಬಾಡಿಗೆ ಮುಗಿಸಿ ಬಂದು ಗಾಡಿ ತೊಳೆಯುವಾಗ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಆಡಿಸಿದರೆ ಸಿಕ್ಕಿಕೊಳ್ತಿತ್ತು, ಸುತ್ತ ತುಕ್ಕಿನ ಬಣ್ಣ. ಹಿಂದಿನ ದಿನವಷ್ಟೇ ಶಾಲೆ ಬಿಡುವ ಹೊತ್ತಿಗೆ ಅದೇ ಹುಕ್ಕಿನ ಮೇಲೆ ಮುಳಗುಂದ ನಾಕಾ ದಾಟಿ ಬಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಫ್ಯಾಬ್ರಿಕೇಶನ್ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಗಾಡಿ ಕೆಳಗೆ ಮಲಗಿ ನೋಡಿ ಎದ್ದವರು ಹೇಳಿದ್ದು ಇಷ್ಟೇ: "ತಮ್ಮಾ, ಬಂಪರ್ ಅಂದ್ರ ಬಾಗಿಲಾ ಇದ್ದಂಗ. ಬಾಗಿಲಕ್ಕ ಎತ್ತು ಕಟ್ಟತಾರೇನು? ಕಂಬಕ್ಕ ಕಟ್ಟಬೇಕು." ಕಂಬ ಅಂದರೆ ಚಾಸಿಸ್. ಬೊಲೆರೊಗೆ ಉದ್ದಕ್ಕೂ ಎರಡು ಚಾಸಿಸ್ ಪಟ್ಟಿ ಇವೆ, ಎಳೆಯುವ ಭಾರ ಅವಕ್ಕೇ ಹೋಗಬೇಕು. ಅವರು ಎರಡೂ ಪಟ್ಟಿಗೆ ದಪ್ಪ ಪ್ಲೇಟ್ ಕೂರಿಸಿ, ನಡುವೆ ಅಡ್ಡ ಚಾನೆಲ್ ಕೊಟ್ಟು, ಚಾಸಿಸ್‌ಗೆ ವೆಲ್ಡಿಂಗ್ ಮುಟ್ಟಿಸದೆ ಎಲ್ಲ ಬೋಲ್ಟಿನಲ್ಲೇ ಕಟ್ಟಿದರು. ಬೋಲ್ಟಿನ ತಲೆ ಮೇಲೆ 8.8 ಅಂತ ಅಚ್ಚು ಇರುತ್ತೆ, ಅದು ಗಟ್ಟಿತನದ ದರ್ಜೆ, ಅದನ್ನ ನೋಡಿಯೇ ತಗೊಳ್ಳಿ. ಟ್ರ್ಯಾಕ್ಟರ್ ಥರದ ಪಿನ್ನು ಬೇಡ ಅಂದರು, ಬ್ರೇಕ್ ಹಾಕಿದಾಗಲೆಲ್ಲ ಅದರ ಸಡಿಲಿಗೆ ಟ್ರಾಲಿ ಬಂದು ಹಿಂದಿನಿಂದ ಗುದ್ದುತ್ತೆ. ಅದರ ಬದಲು ಗಾಡಿಗೆ 50 ಮಿಲಿಮೀಟರ್ ಗುಂಡು, ಟ್ರಾಲಿಯ ಮೂಕಿಯ (ಮುಂದಿನ ಎಳೆಯುವ ದಂಡ) ತುದಿಗೆ ಆ ಗುಂಡಿನ ಮೇಲೆ ಕೂತು ಲಾಕ್ ಆಗುವ ಬಟ್ಟಲಿನಂಥ ಕಪ್. ಜೊತೆಗೆ ಎರಡು ಸರಪಳಿ, ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವ ಹಾಗೆ. ಆ ಕಪ್ ಕಳಚಿದರೂ ಮೂಕಿ ರಸ್ತೆಗೆ ಬೀಳದೆ ಆ ಸರಪಳಿಗಳ ಮೇಲೆ ಕೂರುತ್ತೆ.

ಇಷ್ಟಾದ ಮೇಲೂ ಅಣ್ಣಿಗೇರಿ ದಾಟಿ ಗದಗಿನ ಕಡೆ ಬರುವಾಗ, 50ರ ಸ್ಪೀಡಿಗೆ ಟ್ರಾಲಿ ಬಾಲ ಆಡಿಸಿದ ಹಾಗೆ ಎಡಕ್ಕೆ ಬಲಕ್ಕೆ ಹೊಯ್ದಾಡತೊಡಗಿತು. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟೆ, ಸ್ಟೇರಿಂಗ್ ನೇರ ಹಿಡಿದೆ, ನಿಧಾನ ಆದ ಮೇಲೆ ನಿಂತಿತು. ಮನೆಗೆ ಬಂದು ಹೇಳಿದರೆ ಅಪ್ಪ ಕೇಳಿದ ಮೊದಲ ಮಾತು, "ಹಿಂದ ಭಾರ ಐತೇನು?" ಅವರು ಚಕ್ಕಡಿ ಹೊಡೆದು ಬೆಳೆದವರು. ಚಕ್ಕಡಿಯಲ್ಲಿ ಚೀಲ ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಹೆಗಲ ಮೇಲೆ ನಿಲ್ಲಲ್ಲ. ಇಲ್ಲೂ ಅದೇ ಲೆಕ್ಕ ಅಲ್ವಾ!

ಕಾಕಾನ ಕಾಳಿನ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಟ್ರಾಲಿ ಮಟ್ಟಸವಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಕ್ಕಡಿ ಮೇಲೆ ಮರದ ತುಂಡಿಟ್ಟು, ಹುಕ್ಕಿನ ಎತ್ತರಕ್ಕೇ ಮೂಕಿಯ ತುದಿ ಅದರ ಮೇಲೆ ಇಳಿಸಿದೆ. ಟ್ರಾಲಿ, ಜನರೇಟರ್ ಸೇರಿ 780 ಕೆಜಿ, ಮೂಕಿಯಲ್ಲಿ ತೋರಿಸಿದ್ದು ಬರೀ 30. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನ ಹತ್ತಿರ ಮುಂದೆ ಮೂಕಿಯ ಮೇಲೆ ಇರಬೇಕು. ಜನರೇಟರ್ ಕೂತಿದ್ದ ಬೋಲ್ಟ್ ಬಿಚ್ಚಿ 7 ಇಂಚು ಮುಂದಕ್ಕೆ ಸರಿಸಿದ್ವಿ, ತಕ್ಕಡಿ 70 ದಾಟಿತು. ಮಾರನೇ ದಿನ ಅದೇ ರಸ್ತೆ, ಅದೇ ಸ್ಪೀಡು, ಟ್ರಾಲಿ ಹಿಂದಿದೆ ಅನ್ನೋದೂ ಗೊತ್ತಾಗಲಿಲ್ಲ.

ಲೈಟಿನ ವಿಷಯ. ಟ್ರಾಲಿಯ ಲೈಟಿಗೆ ಗಾಡಿಯಿಂದ ಕರೆಂಟ್ ಕೊಡೋಕೆ 7 ಪಿನ್ನಿನ ಸಾಕೆಟ್ ಹಾಕಿಸಿದೆ. ಇಂಡಿಕೇಟರ್ ಹಾಕಿದರೆ ಟ್ರಾಲಿಯ ಬ್ರೇಕ್ ಲೈಟೂ ಮಿಣುಕುತ್ತಿತ್ತು. ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸರಿ ಇಲ್ಲದಿದ್ದರೆ ಹಾಗಾಗುತ್ತೆ. ಗುಂಡಿಗೆ ಗ್ರೀಸ್ ಹಚ್ಚಿರುತ್ತೀವಿ, ಅದರ ಮೂಲಕ ಅರ್ತ್ ಸಿಗುತ್ತೆ ಅಂತ ನಂಬಬೇಡಿ, ಬೇರೆ ವೈರ್ ಎಳೆಸಿ.

ಕಾಗದಪತ್ರವನ್ನ ಕೆಲಸಕ್ಕೆ ಮೊದಲೇ ಮಾಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್, ಅಂದರೆ ಇಂಥ ಟ್ರಾಲಿ ಕೂಡ ಮೋಟಾರು ವಾಹನವೇ, ಅದಕ್ಕೆ ಅದರದ್ದೇ ನೋಂದಣಿ ಬೇಕು. ಗಾಡಿಯಲ್ಲಿ ಬದಲಾವಣೆ ಮಾಡೋಕೂ ಕಾಯ್ದೆಯಲ್ಲಿ ಮಿತಿ ಇದೆ. ತೂತು ಕೊರೆಯುವ ಮೊದಲು ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ.

ಹೊಸದಾಗಿ ಹಾಕಿಸಿದ ಹುಕ್ಕಿನ ಬೋಲ್ಟುಗಳನ್ನ ಮೊದಲ 100 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿ ಮಾಡಬೇಕು. ನಾನು ಪಾನಾ ಹಾಕಿದಾಗ ಮೂರು ಬೋಲ್ಟು ಕಾಲು ಸುತ್ತು ತಿರುಗಿದವು. ಈ ತಿಂಗಳು ಟ್ರಾಲಿಯ ಟೈರ್ ಬದಲಿಸೋದಿದೆ, ಎತ್ತರ ಬದಲಾಗುತ್ತೆ, ಅದಾದ ಮೇಲೆ ಕಾಕಾನ ತಕ್ಕಡಿ ಮತ್ತೆ ತರಬೇಕು.